ಕೇಕಿಗೊಂದು ಥೂ

ಆ ಬೇಕರಿಯಲ್ಲಿ ಕೇಕ್ ಮಾಡುವವರಿಗೆ ಮೂಗು ಮೇಷ್ಟ್ರು ಎಂದು ಹೆಸರು. ನೋಡುವುದಕ್ಕೆ ಅವರ ಮೂಗಿನಲ್ಲಿ ಅಂಥ ವಿಶೇಷವೇನೂ ಇರಲಿಲ್ಲ, ಮುಖಕ್ಕೆ ಎಷ್ಟು ಬೇಕೋ ಅಷ್ಟಿತ್ತು. ಆದರೆ ಅದರ ಕೆಲಸ ನೋಡಬೇಕು. ನಾಳೆ ಒಡೆಯಲಿರುವ ಹಾಲು ಇವತ್ತೇ ಆ ಮೂಗಿಗೆ ಸಿಕ್ಕಿಬೀಳುತ್ತಿತ್ತು. ಬೆಣ್ಣೆ ತಂದವನು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ "ಹಳೇದಪ್ಪ ಇದು, ವಾಪಸ್ ತಗೊಂಡು ಹೋಗು" ಎಂದು ಕಳಿಸಿಬಿಡುತ್ತಿದ್ದರು. ಗೋಡೆಯ ಗಡಿಯಾರ, ಭಟ್ಟಿಯ ಶಾಖ ತೋರಿಸುವ ಮುಳ್ಳು, ಎಲ್ಲ ಆಟಕ್ಕುಂಟು ಲೆಕ್ಕಕ್ಕಿಲ್ಲ. ಮೇಷ್ಟ್ರು ಭಟ್ಟಿಯ ಬಾಗಿಲ ಸಂದಿಯಲ್ಲಿ ಒಮ್ಮೆ ಉಸಿರೆಳೆದು "ಆಯ್ತು" ಎಂದರೆ ಆಯಿತು.

ಅಂಥ ಮೂಗು ಹೋಗಿ ಹೋಗಿ ಕ್ರಿಸ್‌ಮಸ್ ತಿಂಗಳಲ್ಲೇ ಕೈಕೊಟ್ಟಿತು.

ಬಂದದ್ದು ಮಾಮೂಲಿ ನೆಗಡಿ. ನಾಲ್ಕು ದಿನ ಇತ್ತು, ಹೋಯಿತು. ಆದರೆ ಬಾಡಿಗೆ ಮನೆ ಬಿಡುವವರು ಬಲ್ಬನ್ನೂ ಬಿಚ್ಚಿಕೊಂಡು ಹೋಗುವಂತೆ ವಾಸನೆಯನ್ನೂ ರುಚಿಯನ್ನೂ ಬಿಚ್ಚಿಕೊಂಡು ಹೋಯಿತು. ಇದು ಮೇಷ್ಟ್ರಿಗೆ ಗೊತ್ತಾದದ್ದು ಬ್ರೆಡ್ ಸುಟ್ಟ ದಿನ. ಒಂದು ಟ್ರೇ ಪೂರ್ತಿ ಹೊಗೆಯಾಡುತ್ತಿದ್ದರೂ ಅದರ ಪಕ್ಕದಲ್ಲೇ ನಿಂತು ಆರಾಮವಾಗಿ ಒಣದ್ರಾಕ್ಷಿಯ ತೊಟ್ಟು ಕೀಳುತ್ತಿದ್ದರು. ಬ್ರೆಡ್ ಮಾಡುವ ಆಸಾಮಿ, ಅವನನ್ನು ಎಲ್ಲರೂ ಬ್ರೆಡ್ಡಣ್ಣ ಅನ್ನುವುದು, ಹೊರಗಿನಿಂದ ಓಡಿಬಂದ.

"ಏನ್ ಮೇಷ್ಟ್ರೇ, ನಿಮ್ಮ ಪಕ್ಕದಲ್ಲೇ ಸುಟ್ಟು ಕರಕಲಾಗ್ತಾ ಇದೆಯಲ್ಲ!"

"ಏನೋ ಯೋಚನೇಲಿದ್ದೆ ಕಣಯ್ಯ" ಎಂದರು ಮೇಷ್ಟ್ರು. ಅವನು ಅತ್ತ ಹೋದ ಕೂಡಲೇ ಲವಂಗದ ಡಬ್ಬಿ ತೆರೆದು ಮೂಗಿಗೆ ಹಿಡಿದರು. ಏನೂ ಇಲ್ಲ. ಒಂದನ್ನು ಬಾಯಿಗೆ ಹಾಕಿ ಕಡಿದರು. ಪೊರಕೆ ಕಡ್ಡಿ ಕಡಿದಷ್ಟೇ ಸುಖ. ಡಾಕ್ಟರು "ಬರುತ್ತೆ ಬಿಡಿ, ಸ್ವಲ್ಪ ದಿನ ಹೋಗ್ಲಿ" ಎಂದರು. ಡಾಕ್ಟರಿಗೇನು, ಅವರು ಕ್ರಿಸ್‌ಮಸ್ ಕೇಕ್ ಮಾಡಬೇಕಾಗಿರಲಿಲ್ಲ.

ಆ ಕೇಕ್ ಅಂಥಿಂಥದಲ್ಲ. ತಿಂಗಳುಗಟ್ಟಲೆ ರಮ್ಮಿನಲ್ಲಿ ನೆನೆದ ಒಣಹಣ್ಣು, ಕಿತ್ತಳೆ ಸಿಪ್ಪೆ, ಚಕ್ಕೆ, ಲವಂಗ, ಜಾಯಿಕಾಯಿ ಎಲ್ಲ ಸೇರಿದ ಕರೀ ಕೇಕು. ಅದರ ಜೀವವೆಲ್ಲ ಇರುವುದು ಸುಟ್ಟ ಸಕ್ಕರೆಯಲ್ಲಿ. ಸಕ್ಕರೆಯನ್ನು ಬಾಣಲೆಯಲ್ಲಿ ಕರಗಿಸಿ, ಕಪ್ಪಾಗುವವರೆಗೆ ಸುಟ್ಟು, ಇನ್ನೇನು ಕಹಿಯಾಯಿತು ಅನ್ನುವಾಗ ಬಿಸಿನೀರು ಸುರಿದು ತಡೆಯಬೇಕು. ಒಂದುಸಿರು ಮೊದಲಾದರೆ ಬರೀ ಸಿಹಿ, ಒಂದುಸಿರು ತಡವಾದರೆ ಬರೀ ಕಹಿ. ಕಣ್ಣಿಗೆ ಎರಡೂ ಒಂದೇ ಕಪ್ಪು. ಹದ ಹೇಳುವುದು ಮೂಗೊಂದೇ.

ಇತ್ತ ಬೇಕರಿಯ ಯಜಮಾನಮ್ಮನ ಮೇಜಿನ ಮೇಲೆ ಆಗಲೇ ಯಾವುದೋ ಕಾರ್ಖಾನೆಯ ಕೇಕು ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಆಕೆ ಸುತ್ತಿ ಬಳಸಿ ಮಾತಾಡುವವರಲ್ಲ. "ನೋಡಿ ಮೇಷ್ಟ್ರೇ, ಈ ಸಲ ಒಂದೇ ಒಂದು ದೂರು ಬಂದ್ರೂ ಮುಂದಿನ ವರ್ಷದಿಂದ ಇವರ ಹತ್ರಾನೇ ತರಿಸ್ಕೋತೀನಿ. ನಿಮಗೆ ಬ್ರೆಡ್ ಕತ್ತರಿಸೋ ಮಷೀನ್ ಕೆಲಸ ಇದ್ದೇ ಇರುತ್ತೆ" ಎಂದಿದ್ದರು. ಬ್ರೆಡ್ ಕತ್ತರಿಸುವ ಮಷೀನ್! ಗುಂಡಿ ಒತ್ತುವುದು, ನಿಲ್ಲುವುದು. ಆ ಮಾತು ಮೇಷ್ಟ್ರಿಗೆ ಎದೆಯಲ್ಲಿ ಮುಳ್ಳು ಮುರಿದಂತಾಗಿತ್ತು.

ಹಾಗೆ ನೋಡಿದರೆ ಕ್ರಿಸ್‌ಮಸ್ ತಿಂಡಿಯ ವಿಷಯದಲ್ಲಿ ಗಿರಾಕಿಗಳದೇ ಎರಡು ಪಕ್ಷ. ಕರೀ ಕೇಕಿಗಾಗಿ ವರ್ಷವಿಡೀ ಜೊಲ್ಲು ಸುರಿಸುವವರು ಒಂದು ಕಡೆ. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ದ್ರಾಕ್ಷಿಯನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ತಳ್ಳಿ, ಉಳಿದದ್ದನ್ನು ಪಕ್ಕದ ಮನೆಗೆ ಪ್ರೀತಿಯಿಂದ ದಾನ ಮಾಡುವವರು ಇನ್ನೊಂದು ಕಡೆ. ಬ್ರೆಡ್ಡಣ್ಣ ಕೌಂಟರಿನಲ್ಲಿ ಮಾರಲು ಕುದಿಸುತ್ತಿದ್ದ ಶುಂಠಿ ಪಾನೀಯದ್ದೂ ಅದೇ ಕಥೆ. ಒಬ್ಬರು ಗಂಟಲಿಗೆ ಹಿತ ಎನ್ನುವರು, ಇನ್ನೊಬ್ಬರು ಕಣ್ಣಲ್ಲಿ ನೀರು ತುಂಬಿಕೊಂಡು ಕೆಮ್ಮುತ್ತ ನಿಲ್ಲುವರು. ಅವನೇ ಮಾಡುತ್ತಿದ್ದ ಮೊಟ್ಟೆ ಹಾಲಿನ ಪಾನೀಯವನ್ನಂತೂ ಅವನನ್ನು ಬಿಟ್ಟು ಯಾರೂ ಎರಡನೇ ಸಲ ಕೇಳಿದ್ದಿಲ್ಲ.

ಹದ ನೋಡಲು ಬ್ರೆಡ್ಡಣ್ಣನನ್ನೇ ಕೇಳಬಹುದಿತ್ತು. ಆದರೆ ಅವನ ಬಾಯಲ್ಲಿ ಗುಟ್ಟು ನಿಲ್ಲದು. ಅದು ಹಾಳಾಗಲಿ, ಸಿಹಿ ಎಂದರೆ ಸಾಬೂನು ಕೊಟ್ಟರೂ "ಸಕ್ಕತ್ತಾಗಿದೆ ಮೇಷ್ಟ್ರೇ" ಎಂದು ಬೆರಳು ನೆಕ್ಕುವ ಗಿರಾಕಿ ಅವನು. ಎಲ್ಲವನ್ನೂ ಹೊಗಳುವ ನಾಲಿಗೆ ಯಾವ ಕೆಲಸಕ್ಕೆ ಬಂತು?

ಆಗ ಮೇಷ್ಟ್ರಿಗೆ ಹೆಂಡತಿಯ ನೆನಪಾಯಿತು.

ಬೇಕರಿಯ ಮೇಲಿನ ಎರಡು ಕೋಣೆಯೇ ಅವರ ಮನೆ. ಹೆಂಡತಿ ಅಲ್ಲಿ ಕೂತು ಪ್ಯಾಂಟಿನ ಉದ್ದ ಗಿಡ್ಡ ಮಾಡುತ್ತ, ಜಿಪ್ಪು ಹಾಕುತ್ತ ಹೊಲಿಗೆ ನಡೆಸುತ್ತಿದ್ದಳು. ಊರೆಲ್ಲ ಚಪ್ಪರಿಸುವ ಆ ಕೇಕನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. ಮದುವೆಯಾದ ಮೊದಲ ಕ್ರಿಸ್‌ಮಸ್ಸಿಗೆ ಮೇಷ್ಟ್ರು ಹೆಮ್ಮೆಯಿಂದ ಒಂದು ತುಂಡು ತಂದುಕೊಟ್ಟಾಗ, "ಹಳೇ ಹಾಸಿಗೆ ಮೇಲೆ ಯಾರೋ ಕೆಮ್ಮಿನ ಔಷಧಿ ಚೆಲ್ಲಿದಂಗಿದೆ ರೀ" ಎಂದಿದ್ದಳು. ಅಂದಿನಿಂದ ಪ್ರತಿ ವರ್ಷ ಅವರು ಒಂದು ತುಂಡು ತರುವುದು, ಆಕೆ ಒಂದು ತುತ್ತು ತಿಂದು ಮುಖ ಸಿಂಡರಿಸುವುದು. ಹಿತ್ತಲ ಗಿಡ ಮದ್ದಲ್ಲ ಎಂದು ಮೇಷ್ಟ್ರು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಆದರೆ ನೋವಂತೂ ಇತ್ತು. ಲೋಕವೆಲ್ಲ ಹೊಗಳಿ ಹೆಂಡತಿ ಉಗಿದರೆ ಲೋಕದ ಹೊಗಳಿಕೆ ಯಾವ ಲೆಕ್ಕ?

ಆ ಸಿಂಡರಿಸಿದ ಮುಖವನ್ನು ಇಷ್ಟು ವರ್ಷ ನೋಡಿ ನೋಡಿ ಅವರಿಗೆ ಅದು ಕರತಲಾಮಲಕವಾಗಿತ್ತು. ಲವಂಗ ಸರಿಯಾಗಿದ್ದರೆ ಎಡಗಣ್ಣು ಮುಚ್ಚುತ್ತಿತ್ತು. ಕಿತ್ತಳೆ ಸಿಪ್ಪೆಗೆ ತುಟಿ ಒಂದು ಪಕ್ಕಕ್ಕೆ ಹೋಗುತ್ತಿತ್ತು. ರಮ್ಮಿಗೆ ಭುಜ ನಡುಗುತ್ತಿತ್ತು. ಸುಟ್ಟ ಸಕ್ಕರೆಯ ಹದ ಕೂತಿದ್ದರೆ ಕೊನೆಗೆ ಉದ್ದನೆಯ ಒಂದು "ಥೂ" ಬರುತ್ತಿತ್ತು.

ಮೇಷ್ಟ್ರು ಮೇಲೆ ಹೋಗಿ ಎಲ್ಲವನ್ನೂ ಬಾಯಿಬಿಟ್ಟರು. ಹೆಂಡತಿ ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟಳು.

"ಅಂದ್ರೆ ದಿನಾ ಆ ಕರೀ ಕೇಕ್ ತಿಂದು ಥೂ ಅನ್ನಬೇಕು ನಾನು?"

"ಇದನ್ನ ನಿನ್ನಷ್ಟು ನಿಯತ್ತಾಗಿ ದ್ವೇಷಿಸೋರು ಇನ್ನೊಬ್ಬರು ಸಿಗಲ್ಲ ಕಣೇ."

"ಕರ್ಮ. ಆಯ್ತು, ತನ್ನಿ" ಎಂದಳು. ಗಂಡನ ಮುಖ ನೋಡಿ ಆಕೆಗೆ ಕನಿಕರವಾಗಿತ್ತು.

ಅಂದಿನಿಂದ ದಿನದ ಮೊದಲ ಅಚ್ಚಿನಲ್ಲಿ ಬೆಂದ ಪುಟ್ಟ ಕೇಕು ಬಟ್ಟೆ ಮುಚ್ಚಿಕೊಂಡು ಮೆಟ್ಟಿಲು ಹತ್ತುವುದು ವಾಡಿಕೆಯಾಯಿತು. ಮೇಷ್ಟ್ರು ಎದುರಿಗೆ ಸ್ಟೂಲ್ ಹಾಕಿಕೊಂಡು ಆಕೆಯ ಮುಖವನ್ನೇ ನೋಡುತ್ತ ಕೂರುವರು. ಮೊದಲ ದಿನ ಥೂ ತೀರಾ ಚಿಕ್ಕದಾಗಿತ್ತು. ಕೆಳಗೆ ಓಡಿ ಪಾಕವನ್ನು ಇನ್ನಷ್ಟು ಸುಟ್ಟರು. ಮರುದಿನ ಆಕೆ ಥೂ ಅನ್ನಲೂ ಪುರುಸೊತ್ತಿಲ್ಲದೆ ಬಚ್ಚಲಿಗೆ ಓಡಿ ಉಗಿದಳು. ಅತಿಯಾಗಿತ್ತು, ಆ ಪಾಕವನ್ನು ಪೂರ್ತಿ ಚೆಲ್ಲಿ ಹೊಸದು ಮಾಡಿದರು. ಮೂರನೆಯ ದಿನ ಎಡಗಣ್ಣು, ತುಟಿ, ಭುಜ ಎಲ್ಲ ಒಂದರ ಹಿಂದೊಂದು ಬಂದು, ಕೊನೆಗೆ ನಿಡಿದಾದ "ಥೂ...!" ಬಿತ್ತು. ಮೇಷ್ಟ್ರು ಕೈ ಮುಗಿದು ಇಳಿದುಬಂದರು. ಆಮೇಲೆ ಅಂದಿನಂತೆಯೇ ಉಸಿರು ಎಣಿಸಿ ಪಾಕ ಸುಟ್ಟರು, ದಿನವೂ ಅದೇ ಥೂ. ಗಿರಾಕಿಗಳು ಹೊಗಳುತ್ತಲೇ ಇದ್ದರು, ಯಜಮಾನಮ್ಮ ಸುಮ್ಮನಿದ್ದರು.

ಹಬ್ಬಕ್ಕೆ ಎರಡು ದಿನ ಇತ್ತು. ದೊಡ್ಡ ಆರ್ಡರಿನ ಪೆಟ್ಟಿಗೆಗಳನ್ನು ಬ್ರೆಡ್ಡಣ್ಣ ವ್ಯಾನಿಗೆ ಏರಿಸುತ್ತಿದ್ದ. ಮೇಷ್ಟ್ರು ಕನ್ನಡಕ ಮರೆತು ಬಂದೆನೆಂದು ಹೊತ್ತಲ್ಲದ ಹೊತ್ತಿನಲ್ಲಿ ಮೇಲೆ ಹೋದರು. ಹೆಂಡತಿ ಹೊಲಿಗೆ ಮಷೀನಿನ ಹಿಂದೆ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಬೆಳಗಿನ ಕೇಕು, ಅದೂ ಮುಕ್ಕಾಲು ಖಾಲಿ. ಕಣ್ಣು ಮುಚ್ಚಿ ನಿಧಾನವಾಗಿ ಅಗಿಯುತ್ತಿದ್ದಳು. ಸಂಸಾರ ಮಾಡಿದ ಇಷ್ಟು ವರ್ಷಗಳಲ್ಲಿ ಆ ಮುಖವನ್ನು ಮೇಷ್ಟ್ರು ನೋಡಿರಲಿಲ್ಲ.

"ಏನ್ ಮಾಡ್ತಾ ಇದೀಯ?"

ಆಕೆ ಬೆಚ್ಚಿಬಿದ್ದು ನುಂಗಿದಳು. "ಏನಿಲ್ಲ. ಸುಮ್ಮನೆ ಬಿಸಾಕೋದ್ಯಾಕೆ ಅಂತ..."

"ಚೆನ್ನಾಗಿದೆಯಾ?"

"ಬೈಯಲ್ಲ ಅಂದ್ರೆ ಹೇಳ್ತೀನಿ." ತುಟಿಯ ಮೇಲಿನ ಪುಡಿ ಒರೆಸಿಕೊಂಡಳು. "ಚೆನ್ನಾಗಿದೆ ರೀ."

ಈ ಮಾತು ಕೇಳಬೇಕೆಂದು ಮೇಷ್ಟ್ರು ಅರ್ಧ ಆಯುಷ್ಯ ಕಾದಿದ್ದರು. ಈಗ ಕೇಳಿದ್ದೇ ಹೊಲಿಯಲು ಬಂದಿದ್ದ ಪ್ಯಾಂಟುಗಳ ಗುಡ್ಡೆಯ ಮೇಲೆ ಕುಸಿದರು.

"ಎಷ್ಟು ದಿನದಿಂದ?"

"ನಾಲ್ಕೈದು ದಿನ ಆಯ್ತೇನೋ. ಮೊದಲೆಲ್ಲ ವರ್ಷಕ್ಕೊಂದು ತುತ್ತು, ಅದೂ ನೀವು ಎದುರಿಗೆ ಪೊಲೀಸಿನ ಥರ ನಿಂತಿರ್ತಿದ್ರಿ. ಈಗ ದಿನಾ ತಿಂದು ತಿಂದು... ಯಾವಾಗ ಶುರುವಾಯ್ತೋ ಗೊತ್ತಾಗಲಿಲ್ಲ."

"ಮತ್ತೆ ಇವತ್ತು ಬೆಳಿಗ್ಗೆ ಥೂ ಅಂದೆಯಲ್ಲೇ!"

"ನಾಟಕ. ನಿಮ್ಮ ಕೆಲಸಕ್ಕೆ ಕುತ್ತು ಬರಬಾರದು ಅಂತ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡ್ಕೊಂಡೆ."

"ಮುಗೀತು" ಎಂದರು ಮೇಷ್ಟ್ರು. "ನಿನಗೇ ಚೆನ್ನಾಗಿದೆ ಅನ್ನಿಸ್ತು ಅಂದ್ರೆ ಕೇಕ್ ಕೆಟ್ಟು ಕೆರ ಹಿಡಿದಿದೆ. ನಾಲ್ಕೈದು ದಿನದ್ದೂ ಹೋಯ್ತು!"

"ಅಂದ್ರೇನು? ನನಗೆ ಇಷ್ಟ ಆದ್ರೆ ಕೆಟ್ಟಿದೆ ಅಂತಾನಾ ಅರ್ಥ?" ಎಂದು ಹೆಂಡತಿ ಕೂಗುತ್ತಿದ್ದಂತೆಯೇ ಅವರು ಅರ್ಧದಷ್ಟು ಮೆಟ್ಟಿಲು ಇಳಿದಾಗಿತ್ತು.

ವ್ಯಾನಿನ ಎದುರಿಗೆ ಹೋಗಿ ಎರಡೂ ಕೈ ಚಾಚಿ ನಿಂತರು. ಗದ್ದಲಕ್ಕೆ ಯಜಮಾನಮ್ಮ ಹೊರಗೆ ಬಂದರು. ಮೇಷ್ಟ್ರಿಗೆ ಬ್ರೆಡ್ ಕತ್ತರಿಸುವ ಮಷೀನಿನ ಗುಂಡಿ ಕಣ್ಣ ಮುಂದೆ ಬಂತು. ಆದರೂ ಕೆಟ್ಟ ಕೇಕನ್ನು ಹಬ್ಬದ ಮನೆಗಳಿಗೆ ಕಳಿಸಿ ಸುಮ್ಮನಿರುವುದು ಅವರ ಕೈಲಿ ಆಗಲಿಲ್ಲ.

"ಅಮ್ಮ, ಈ ಪೆಟ್ಟಿಗೆ ಕಳಿಸ್ಬೇಡಿ. ನನಗೆ ವಾಸನೆ ಬರಲ್ಲ. ರುಚಿಯೂ ಗೊತ್ತಾಗಲ್ಲ. ಇಷ್ಟು ದಿನ ಈ ಕೇಕ್ ಕಂಡ್ರಾಗದ ನನ್ನ ಹೆಂಡ್ತಿ ಮುಖ ನೋಡ್ಕೊಂಡು ಕೇಕ್ ಮಾಡಿದ್ದೀನಿ. ಈಗ ಅವಳಿಗೇ ಇದು ಚೆನ್ನಾಗಿದೆಯಂತೆ."

ಬ್ರೆಡ್ಡಣ್ಣನ ಕೈಲಿದ್ದ ಪೆಟ್ಟಿಗೆ ಜಾರುವುದರಲ್ಲಿತ್ತು. ಯಜಮಾನಮ್ಮ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೆಂಡ್ತಿ ಮುಖ ನೋಡ್ಕೊಂಡು."

"ಹೌದಮ್ಮ. ನೀವೇ ಒಂದು ಚೂರು ತಿಂದು ನೋಡಿ. ಕೆಟ್ಟಿದ್ರೆ ನಾಳೆಯಿಂದ ಮಷೀನ್ ಹತ್ರ ನಿಲ್ತೀನಿ."

ಯಜಮಾನಮ್ಮ ಯಾಕೋ ಹಿಂದೆ ಮುಂದೆ ನೋಡಿದರು. "ಇವನು ತಿನ್ನಲಿ" ಎಂದು ಬ್ರೆಡ್ಡಣ್ಣನ ಕಡೆ ಕೈ ತೋರಿಸಿದರು. ಅವನು ಆಗಲೇ ಒಂದು ತುಂಡು ಬಾಯಿಗೆ ಹಾಕಿಕೊಂಡು "ಸಕ್ಕತ್ತಾಗಿದೆ" ಎನ್ನುತ್ತಿದ್ದ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬೇರೆ ದಾರಿಯಿಲ್ಲದೆ ಆಕೆ ಉಗುರಿನಷ್ಟು ಮುರಿದು ಬಾಯಿಗಿಟ್ಟುಕೊಂಡರು. ಮೇಷ್ಟ್ರು ಅಭ್ಯಾಸಬಲದಿಂದ ಮುಖವನ್ನೇ ನೋಡುತ್ತಿದ್ದರು.

ಯಜಮಾನಮ್ಮನ ಎಡಗಣ್ಣು ಮುಚ್ಚಿತು. ತುಟಿ ಒಂದು ಪಕ್ಕಕ್ಕೆ ಹೋಯಿತು. ಭುಜ ನಡುಗಿತು. ಆಮೇಲೆ ಆ ಗಂಭೀರ ಹೆಂಗಸಿನ ಬಾಯಿಂದ ಉದ್ದಕ್ಕೆ, ರಾಗವಾಗಿ, "ಥೂ...!" ಎಂದು ಬಂತು.

"ಸರಿಯಾಗಿದೆ!" ಮೇಷ್ಟ್ರು ಕುಣಿದೇಬಿಟ್ಟರು. "ಅಮ್ಮ, ಕೇಕ್ ಸರಿಯಾಗಿದೆ! ಲವಂಗ, ಸಿಪ್ಪೆ, ರಮ್ಮು, ಸಕ್ಕರೆ, ಎಲ್ಲ ಹದವಾಗಿದೆ! ಆದ್ರೆ ನಿಮಗೆ ಈ ಕೇಕ್ ಆಗಲ್ವಾ?"

ಯಜಮಾನಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಬೇಕರಿ ನಡೆಸೋಳು ಕೇಕ್ ಕಂಡ್ರೆ ಆಗಲ್ಲ ಅಂತ ಡಂಗುರ ಹೊಡೆಯೋಕಾಗುತ್ತಾ? ಸೊಸೆಯಾಗಿ ಬಂದಾಗಿನಿಂದ ಮುಚ್ಚಿಟ್ಕೊಂಡು ಬಂದಿದ್ದೆ. ನಿಮ್ಮಿಂದ ಬಯಲಾಯ್ತು." ಮೇಷ್ಟ್ರ ಮುಖವನ್ನು ಇನ್ನೊಮ್ಮೆ ನೋಡಿದರು. "ವ್ಯಾನ್ ನಿಲ್ಲಿಸಿ ನಿಮ್ಮ ಹೊಟ್ಟೆ ಮೇಲೆ ನೀವೇ ಹೊಡ್ಕೊಳ್ಳೋಕೆ ಹೊರಟಿದ್ರಲ್ಲ, ಕಾರ್ಖಾನೆಯವನು ಇದನ್ನ ಮಾಡ್ತಾನಾ? ಅವನಿಗೆ ಬೇಡ ಅಂತ ಹೇಳ್ಬಿಡ್ತೀನಿ. ಸರಿ, ನಿಮ್ಮ ಮೂಗು ಬರೋ ತನಕ ರುಚಿ ನೋಡೋರು ಯಾರು? ನಿಮ್ಮ ಹೆಂಡ್ತಿ ಕೈಬಿಟ್ರಲ್ಲ."

ಮೇಷ್ಟ್ರು ಆಕೆಯ ಮುಖವನ್ನೇ ನೋಡಿದರು. ಬ್ರೆಡ್ಡಣ್ಣನೂ ನೋಡಿದ.

"ಯಾಕೆ ಇಬ್ಬರೂ ನನ್ನ ಮುಖ ನೋಡ್ತಾ ಇದೀರಿ? ಆಗಲ್ಲ. ನಾನು ಸತ್ರೂ ಆಗಲ್ಲ" ಎಂದರು ಯಜಮಾನಮ್ಮ. ಆದರೆ ಮಾರನೆಯ ದಿನಕ್ಕೆ ಒಂದು ಲೋಟ ನೀರು ಪಕ್ಕದಲ್ಲಿಟ್ಟುಕೊಂಡು ಒಪ್ಪಿಕೊಂಡರು ಎಂಬುದು ಬೇರೆ ಮಾತು.

ವ್ಯಾನು ಹೊರಟಿತು. ಕೆಲಸ ಉಳಿಯಿತು ಎಂಬ ಖುಷಿಯಲ್ಲಿ ಮೇಷ್ಟ್ರು ಎರಡೆರಡು ಮೆಟ್ಟಿಲು ಹತ್ತುತ್ತಿದ್ದವರು ಮಧ್ಯದಲ್ಲಿ ಗಕ್ಕನೆ ನಿಂತರು. ಕೇಕ್ ಕೆಟ್ಟಿರಲಿಲ್ಲ. ಹಾಗಿದ್ದರೆ ಆಕೆ ಚೆನ್ನಾಗಿದೆ ಎಂದದ್ದು ಸರಿಯಾದ ಕೇಕನ್ನೇ. ಅವರು ಮಾಡಿದ್ದನ್ನೇ. ಅದಕ್ಕೆ ಅವರು ಕೊಟ್ಟ ಉತ್ತರ, ಕೇಕ್ ಕೆಟ್ಟು ಕೆರ ಹಿಡಿದಿದೆ ಎಂದು.

ಒಳಗೆ ಹೊಲಿಗೆ ಮಷೀನು ಸಿಟ್ಟಿನಿಂದ ಓಡುತ್ತಿತ್ತು. ಹೆಂಡತಿ ತಲೆ ಎತ್ತಲಿಲ್ಲ. ಮೇಷ್ಟ್ರು ಆಕೆಯ ಪಕ್ಕದಲ್ಲಿ ನೆಲದ ಮೇಲೇ ಕೂತರು.

"ಕೇಕ್ ಸರಿಯಾಗೇ ಇದೆ."

"ನಾನು ಹೇಳಿದ್ನಲ್ಲ."

"ತಪ್ಪಾಯ್ತು ಕಣೇ" ಎಂದು ಉಳಿದಿದ್ದ ಕೇಕಿನಲ್ಲಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಒದ್ದೆ ಹತ್ತಿ ಅಗಿದಂತಾಯಿತು. "ನನಗೊಂದೂ ತಿಳೀತಿಲ್ಲ. ಹೇಗಿದೆ, ನೀನೇ ಹೇಳು."

ಮಷೀನು ನಿಂತಿತು. ಆಕೆ ಅವರ ಕೈಯಿಂದಲೇ ಒಂದು ತುಂಡು ತೆಗೆದುಕೊಂಡು, ಕೊಂಚ ಹೊತ್ತು ಅಗಿದಳು.

"ಮೊದಲು ದ್ರಾಕ್ಷಿ ಸಿಗುತ್ತೆ. ಸಿಹಿ. ಆಮೇಲೆ ಕಿತ್ತಳೆ ಬರುತ್ತೆ. ಇಷ್ಟೇ ಅಂದ್ಕೊಳ್ಳೋ ಹೊತ್ತಿಗೆ ಕೊನೇಲಿ ಒಂಚೂರು ಕಹಿ ಬಂದಂಗಾಗುತ್ತೆ. ಬಂತು ಅನ್ನೋಷ್ಟರಲ್ಲಿ ಹೋಗ್ಬಿಡುತ್ತೆ. ಹಂಗೆ ಹೋಗ್ಬಿಡುತ್ತಲ್ಲ, ಅದಕ್ಕೇ ಇನ್ನೊಂದು ತುತ್ತು ಬೇಕು ಅನ್ಸೋದು."

ಮೇಷ್ಟ್ರು ಆಕೆಯನ್ನೇ ನೋಡಿದರು. ಜನ ದ್ರಾಕ್ಷಿಯನ್ನು ಹೊಗಳಿದ್ದರು, ರಮ್ಮನ್ನು ಹೊಗಳಿದ್ದರು, ಮೇಲೆ ಹಾಕಿದ ಬಿಳಿ ಸಕ್ಕರೆಯನ್ನೂ ಹೊಗಳಿದ್ದರು. ಬಂದು ನಿಲ್ಲದೆ ಹೋಗುವ ಆ ಕಹಿಗಾಗಿ ಅವರು ಒಂದು ಜನ್ಮವಿಡೀ ಬಾಣಲೆಯ ಮುಂದೆ ನಿಂತಿದ್ದರು. ಅದರ ಸುದ್ದಿಯನ್ನು ಇವತ್ತಿನವರೆಗೆ ಒಬ್ಬರೂ ಎತ್ತಿರಲಿಲ್ಲ. ಅವರಿಗೆ ಅಳು ಬಂತು. ಖುಷಿಗೇ ಬಂದದ್ದು, ಆದರೂ ತಡೆಯಲಾಗಲಿಲ್ಲ.

"ಯಾಕ್ರೀ, ಏನಾಯ್ತು?"

"ಏನಿಲ್ಲ. ಇನ್ನೊಂದು ತುತ್ತು ತಿನ್ನು. ಮತ್ತೆ ಹೇಳು."

ಆಕೆ ಈ ಸಲ ದೊಡ್ಡದೊಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು. ಮೇಷ್ಟ್ರು ಕಣ್ಣು ಒರೆಸಿಕೊಂಡು ಕಾಯುತ್ತ ಕೂತರು.