ಅಪ್‌ಡೇಟ್ ನಡುವೆ ಇಳಿದ ಮೇನ್ ಸ್ವಿಚ್

"ಬೆಳಿಗ್ಗೆ ಚೆನ್ನಾಗೇ ಇತ್ತಲ್ಲ, ಈಗೇನು ಬಂತು ಇದಕ್ಕೆ?"

ದೊಡ್ಡಕ್ಕ ಕೇಳಿದ್ದು ಯಾರನ್ನೂ ಅಲ್ಲ. ಊಟ ಮುಗಿಸಿ ಬಂದು ಹೊಲಿಗೆ ಅಂಗಡಿಯ ಮೇನ್ ಸ್ವಿಚ್ ಎತ್ತಿದ್ದಳು. ದೀಪ ಹತ್ತಿತು, ಇಸ್ತ್ರಿಪೆಟ್ಟಿಗೆ ಕಾಯಿತು. ಕಸೂತಿ ಯಂತ್ರಕ್ಕೆ ಚಿತ್ರ ಕೊಡುವ ಕಂಪ್ಯೂಟರ್ ಮಾತ್ರ ಒಳಗೊಳಗೇ ಗುಂಯ್‌ಗುಡುತ್ತಿತ್ತು, ಪರದೆ ಕಪ್ಪು. ನಾಳೆ ಬೆಳಿಗ್ಗೆಯೊಳಗೆ ಶಾಲೆಯ ಅರವತ್ತು ಅಂಗಿಗಳ ಮೇಲೆ ಲಾಂಛನ ಕೂರಬೇಕು. ಹನ್ನೆರಡು ವರ್ಷದ ಚಿತ್ರಗಳೆಲ್ಲ ಅದರಲ್ಲೇ ಇವೆ. ಬೇರೆಲ್ಲೂ ಒಂದು ಪ್ರತಿಯಿಲ್ಲ.

ಸೂಜಿಗೆ ದಾರ ಪೋಣಿಸುತ್ತಿದ್ದ ತಂಗಿಯ ಕೈ ನಿಂತಿತು. ಹೊಸ ಬಯೋಸ್ ಬಂದಿದೆ ಎಂದು ಪರದೆ ಹೇಳಿತ್ತಂತೆ, ಒತ್ತಿ ಊಟಕ್ಕೆ ಎದ್ದುಬಿಟ್ಟಿದ್ದಳಂತೆ. ದೊಡ್ಡಕ್ಕ ಮೇನ್ ಸ್ವಿಚ್ಚಿನತ್ತ ತಿರುಗಿ ನೋಡಿದಳು. ಹಿಂದೊಮ್ಮೆ ಇಸ್ತ್ರಿಪೆಟ್ಟಿಗೆ ಆರಿಸಲು ಮರೆತು ಮೇಜು ಸುಟ್ಟಿತ್ತು. ಅಂದಿನಿಂದ ಕಡೆಗೆ ಹೊರಡುವವರು ಮೇನ್ ಇಳಿಸಲೇಬೇಕೆಂಬ ಕಟ್ಟಳೆ ಅವಳದೇ. ಇವತ್ತು ಕಡೆಗೆ ಹೊರಟವಳೂ ಅವಳೇ.

"ಇಳಿಸಿದ್ದು ನಾನೇ ಕಣೆ."

"ನಾನೂ ಹೇಳ್ಲಿಲ್ವಲ್ಲ ಅಕ್ಕ."

ಅಲ್ಲಿಗೆ ಮುಗಿಯಿತು. ಜಗಳವಾಡಲೂ ತ್ರಾಣ ಬೇಕಲ್ಲ.

ಎದುರು ಮನೆಯ ರಿಪೇರಿ ಮಾಮ ಬಂದು ಟಾರ್ಚ್ ಬಿಟ್ಟು ನೋಡಿದರು. ಬಯೋಸ್ ಎಂದರೆ ಕಂಪ್ಯೂಟರ್ ಎದ್ದ ಕೂಡಲೇ ಹೇಳಿಕೊಳ್ಳುವ ಮೊದಲ ಪಾಠ. ಅದನ್ನು ಅಳಿಸಿ ಬರೆಯುವಾಗ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂದರು.

"ಹಾಗಾದ್ರೆ ಚಿತ್ರಗಳೂ ಹೋದ್ವು ಅನ್ನಿ."

"ಇಲ್ಲಮ್ಮ, ಅವು ಡಿಸ್ಕಲ್ಲಿವೆ. ಬಾಗಿಲು ತೆಗೀತಿಲ್ಲ ಅಂದ್ರೆ ಒಳಗಿರೋ ಪಾತ್ರೆ ಕರಗಿ ಹೋಗುತ್ತಾ?"

ದೊಡ್ಡಕ್ಕ ನಂಬಲಿಲ್ಲ. ಹೋದ ಜೀವಕ್ಕೆ ಮದ್ದು ಅರೆಯುತ್ತಿದ್ದಾರೆ ಎಂದು ಗೊಣಗಿದಳು. ಮಾಮ ಕಂಪ್ಯೂಟರಿನ ಒಳಗಿನ ಮುಖ್ಯ ಫಲಕ, ಮದರ್‌ಬೋರ್ಡಿನ ಮೇಲಿದ್ದ ಮಾದರಿ ಸಂಖ್ಯೆ ಬರೆದುಕೊಂಡು ಮನೆಗೆ ಹೋದರು. ತಯಾರಕರ ಜಾಲತಾಣದಿಂದಲೇ ಅದೇ ಸಂಖ್ಯೆಯ ಬಯೋಸ್ ಫೈಲು ಇಳಿಸಿ, ಕೈಪಿಡಿ ಹೇಳಿದ ಹೆಸರಿಟ್ಟು, ಪೆನ್‌ಡ್ರೈವಿಗೆ ಹಾಕಿ ತಂದರು. ಜೊತೆಗೆ, ಈ ಸಲ ಕರೆಂಟ್ ಹೋದರೂ ಕಂಪ್ಯೂಟರ್ ಆರದಿರಲೆಂದು ತಮ್ಮ ಯುಪಿಎಸ್ಸನ್ನೂ ಹೊತ್ತು ತಂದು ಅದಕ್ಕೆ ಜೋಡಿಸಿದರು. ಕಂಪ್ಯೂಟರ್ ಆರಿಸಿ, ಅದರ ಹಿಂದೆ ಗುರುತು ಹಾಕಿದ್ದ ಕಿಂಡಿಗೆ ಪೆನ್‌ಡ್ರೈವ್ ಸಿಕ್ಕಿಸಿ, ಪಕ್ಕದ ಪುಟ್ಟ ಗುಂಡಿ ಒತ್ತಿದರು. ಈ ಗುಂಡಿ ಎಲ್ಲ ಬೋರ್ಡಿಗೂ ಇರುವುದಿಲ್ಲ, ಇಲ್ಲದಿದ್ದರೆ ಬಯೋಸ್ ಇರುವ ಚಿಪ್ಪಿಗೆ ನೇರವಾಗಿ ಬರೆಯಬಲ್ಲ ರಿಪೇರಿಯವರೇ ಗತಿ ಎಂದರು.

ಗುಂಡಿಯ ಬಳಿಯ ಪುಟ್ಟ ದೀಪ ಮಿನುಗತೊಡಗಿತು. ಯಾರೂ ಏನನ್ನೂ ಮುಟ್ಟಲಿಲ್ಲ. ಎಂಟು ನಿಮಿಷ ದೊಡ್ಡಕ್ಕ ರೆಪ್ಪೆ ಮುಚ್ಚದೆ ಕೂತಳು. ದೀಪ ಮಿನುಗುವುದು ನಿಂತ ಮೇಲೆ ಮಾಮ ಕಂಪ್ಯೂಟರ್ ಹಚ್ಚಿದರು. ಪರದೆ ಬೆಳಗಿತು. ತಾರೀಕು ಎಲ್ಲೋ ಹಿಂದಕ್ಕೆ ಹೋಗಿತ್ತು, ಸರಿಪಡಿಸಿದರು. ಶಾಲೆಯ ಲಾಂಛನ ಇದ್ದಲ್ಲೇ ಇತ್ತು. ದೊಡ್ಡಕ್ಕ ಮೊದಲು ಚಿತ್ರಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿಸಿದಳು, ಆಮೇಲೆ ಅಂಗಿ ಹಾಸಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಪರದೆ ಕರೆಯಿತೆಂದು ಬಯೋಸ್ ಮುಟ್ಟಬೇಡಿ. ತೊಂದರೆಯಿದ್ದರೆ, ಇಲ್ಲವೇ ಸುರಕ್ಷತೆಗೆ ಬೇಕೆಂದು ತಯಾರಕರೇ ಹೇಳಿದ್ದರೆ ಮಾತ್ರ ಮಾಡಿ. ಮಾಡುವ ಮೊದಲು ಫೈಲುಗಳ ಪ್ರತಿ ತೆಗೆದಿಡಿ, ಯುಪಿಎಸ್ ಹಾಕಿ, ಜೊತೆಗಿರುವವರಿಗೆಲ್ಲ ತಿಳಿಸಿ. ಮುಗಿಯುವ ತನಕ ಅಲ್ಲಿಂದ ಏಳಬೇಡಿ.

ಎಂಟನೇ ಅಂಗಿಯ ಹೊತ್ತಿಗೆ ತಂಗಿ ಮೆಲ್ಲಗೆ ಕೇಳಿದಳು. "ಅಕ್ಕ, ಅಳತೆ ಬರೆಯೋ ಕಂಪ್ಯೂಟರಿಗೂ ಹೊಸ ಬಯೋಸ್ ಬಂದಿದೆಯಂತೆ. ಮಾಮ ಇರೋವಾಗ್ಲೇ ಹಾಕ್ಲಾ?"

"ಅದಕ್ಕೇನಾಗಿದೆ?"

"ಏನಿಲ್ಲ. ಚೆನ್ನಾಗೇ ಇದೆ."

"ಹಾಗಾದ್ರೆ ಹಾಕ್ಬೇಡ."