ಎಂಟು ಡಿಗ್ರಿ ದಾಟಿದ ಲಸಿಕೆ

ಹೆಬ್ಬಾಳದ ಔಷಧಿ ಕಾರ್ಖಾನೆಯೊಂದರಲ್ಲಿ ಅನುಪಮಾ ಹನ್ನೊಂದು ವರ್ಷದಿಂದ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುತ್ತಿದ್ದಳು. ವಿಮಾನದಲ್ಲಿ ಹೋಗುವ ಔಷಧಿಯನ್ನು ಎಷ್ಟು ತಂಪಿನಲ್ಲಿಡಬೇಕೆಂದು ಹೇಳುವ ನೀಲಿ ಲೇಬಲ್ಲು. ಅವಳ ಕೈ ದಾಟಿದ ಒಂದು ಪೆಟ್ಟಿಗೆಯೂ ತಿರುಗಿ ಬಂದದ್ದಿಲ್ಲ. ಆದರೂ ಅವಳಿನ್ನೂ ಗುತ್ತಿಗೆಯವಳೇ. ಕೆಲಸ ಕಾಯಂ ಆಗುವ ಕಾಗದ ಎರಡು ತಿಂಗಳಿಂದ ಮ್ಯಾನೇಜರ್ ರುದ್ರಸ್ವಾಮಿಯವರ ಸಹಿಗೆ ಕಾದು ಕೂತಿತ್ತು.

ಆ ಶುಕ್ರವಾರ ಅಸ್ಸಾಮಿನ ಆಸ್ಪತ್ರೆಯೊಂದಕ್ಕೆ ಮಕ್ಕಳ ಲಸಿಕೆ ಹೊರಟಿತ್ತು. ಎರಡರಿಂದ ಎಂಟು ಡಿಗ್ರಿಯೊಳಗೇ ಇರಬೇಕಾದ ಮಾಲು. ಆ ಲೇಬಲ್ ಮುಗಿದುಹೋಗಿತ್ತು. ಉಳಿದಿದ್ದದ್ದು ಮಾತ್ರೆಗಳಿಗೆ ಹಚ್ಚುವ ‘೧೫ರಿಂದ ೨೫’ ಲೇಬಲ್ ಮಾತ್ರ.

“ಅದನ್ನೇ ಅಂಟಿಸ್ಬುಡಿ ಅನುಪಮಾ,” ಎಂದರು ರುದ್ರಸ್ವಾಮಿ. “ಒಳಗೆ ಐಸ್ ಪ್ಯಾಕ್ ಇದಾವಲ್ಲ. ಎರಡು ಗಂಟೆಗೆ ಗಾಡಿ ಹೊರಡ್ಲಿಲ್ಲ ಅಂದ್ರೆ ವಿಮಾನ ತಪ್ಪೋಗುತ್ತೆ.”

“ಸರ್, ದಾರೀಲಿ ಯಾರೂ ಪೆಟ್ಟಿಗೆ ಬಿಚ್ಚಿ ನೋಡಲ್ಲ. ಲೇಬಲ್ ನೋಡೇ ಎಲ್ಲಿಡ್ಬೇಕು ಅಂತ ತೀರ್ಮಾನ ಮಾಡೋದು. ಹೊಸದು ಪ್ರಿಂಟ್ ಹಾಕ್ಸಿ ನಾಳೆ ಕಳ್ಸೋಣ.”

“ನಿಮ್ ಫೈಲು ನನ್ ಟೇಬಲ್ ಮೇಲೇ ಇದೆ ಕಣಮ್ಮ. ಇಂಥ ಹೊತ್ತಲ್ಲಿ ಹಟ ಮಾಡ್ಬೇಡಿ.”

ಅನುಪಮಾ ಇಪ್ಪತ್ತೆರಡು ಪೆಟ್ಟಿಗೆಗೂ ಅಂಟಿಸಿದಳು. ‘ಲೇಬಲ್ ಸರಿಯಿದೆ’ ಎಂಬ ಸಾಲಿನೆದುರು ಸಹಿಯನ್ನೂ ಹಾಕಿದಳು.

ವಿಮಾನ ಬದಲಿಸಬೇಕಿದ್ದ ಕೋಲ್ಕತ್ತದಲ್ಲಿ ಮಂಜು ಕವಿದು ಮುಂದಿನ ವಿಮಾನ ರದ್ದಾಯಿತು. ಅಲ್ಲಿಯ ನಿಲ್ದಾಣದವರು ಲೇಬಲ್ ಓದಿ ಪೆಟ್ಟಿಗೆಗಳನ್ನು ಮಾಮೂಲಿ ಗೋದಾಮಿನಲ್ಲಿ ಮೂರು ದಿನ ಇಟ್ಟರು. ಪಕ್ಕದಲ್ಲೇ ಇದ್ದ ಶೀತಲ ಕೋಣೆಯಲ್ಲಿ ಜಾಗ ಬೇಕಾದಷ್ಟಿತ್ತು. ಆಸ್ಪತ್ರೆಯಲ್ಲಿ ತೆರೆದಾಗ ಐಸ್ ಕರಗಿ ನೀರಾಗಿತ್ತು. ಒಳಗಿನ ಪುಟ್ಟ ತಾಪಮಾಪಕ ಇಪ್ಪತ್ತೊಂದು ತೋರಿಸುತ್ತಿತ್ತು. ಲಸಿಕೆಯನ್ನೆಲ್ಲ ನಾಶಮಾಡಿದರು. ದೋಣಿಯಲ್ಲಿ ಹೊಳೆ ದಾಟಿ ಬಂದಿದ್ದ ತಾಯಂದಿರನ್ನು ಕೂಸುಗಳ ಸಮೇತ ವಾಪಸು ಕಳಿಸಿದೆವೆಂದು ಅಲ್ಲಿನ ಡಾಕ್ಟರು ಬರೆದಿದ್ದರು.

ಕಾರ್ಖಾನೆಯಲ್ಲಿ ನಡೆದ ವಿಚಾರಣೆಯ ದಿನ ಆ ಕಾಗದವನ್ನು ಗಟ್ಟಿಯಾಗಿ ಓದಿದವರು ರುದ್ರಸ್ವಾಮಿಯವರೇ. ದನಿ ಸ್ವಲ್ಪವೂ ಅಲುಗಲಿಲ್ಲ.

“ನೀವೇ ಅಲ್ವಾ ಸರ್ ಅಂಟ್ಸಿ ಅಂದಿದ್ದು?” ಅನುಪಮಾ ಎಲ್ಲರೆದುರೇ ಕೇಳಿದಳು.

“ನಾನು ಬರ್ಕೊಟ್ಟಿದ್ನಾ? ತಪ್ಪು ಅಂತ ಗೊತ್ತಿದ್ದೂ ಸಹಿ ಯಾಕಮ್ಮ ಹಾಕಿದ್ರಿ?”

ಆ ಮನುಷ್ಯ ಸುಳ್ಳನೇ ಇರಬಹುದು. ಕೇಳಿದ ಪ್ರಶ್ನೆ ಸುಳ್ಳಾಗಿರಲಿಲ್ಲ.

ತಿಂಗಳ ಕೊನೆಗೆ ಅವಳ ಗುತ್ತಿಗೆ ಮುಗಿಸಿದರು. ಹೋಗುವ ಮುನ್ನ ಹೊಸದಾಗಿ ಸೇರಿದ್ದ ರಕ್ಷಿತಾಳಿಗೆ ಕೆಲಸ ಕಲಿಸಿಕೊಡಬೇಕಿತ್ತು. ಅನುಪಮಾ ಒಂದೊಂದನ್ನೂ ಬಿಡದೆ ಹೇಳಿಕೊಟ್ಟಳು.

“ಸರ್ ಬೇರೆ ಥರ ಹೇಳಿದ್ರೆ ಏನ್ಮಾಡೋದು ಅಕ್ಕಾ?”

“ಬರ್ಕೊಡಿ ಅನ್ನು.”

“ಕೊಡ್ದೇ ಹೋದ್ರೆ?”

ಅನುಪಮಾ ಅವಳ ಮುಖ ನೋಡಿದಳು. ಇಪ್ಪತ್ತರ ಹುಡುಗಿ, ಕೆಲಸ ಸಿಕ್ಕಿತೆಂದು ಇನ್ನೂ ಹಿಗ್ಗುತ್ತಿದ್ದಳು. ಅನುಪಮಾ ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಗೇಟಿನತ್ತ ನಡೆದಳು.