ಗುರವ್ವನ ಶಾಲೂ ಜಗತ್ತಿನ ಶಾಲುಗಳೂ

೧

ಶಾಲಿನ ಚರಿತ್ರೆಯನ್ನು ಯಾವ ತುದಿ ಹಿಡಿದು ಬಿಚ್ಚಬೇಕು? ಅದಕ್ಕೆ ನಾಲ್ಕು ತುದಿ. ಪರ್ಷಿಯಾದಿಂದ ಶುರು ಮಾಡಿದರೆ ಪಂಡಿತನಂತೆ ಕಾಣುತ್ತೇನೆ, ನಮ್ಮೂರು ಬೈಲಹೊಂಗಲದಿಂದ ಶುರು ಮಾಡಿದರೆ ಸಿಕ್ಕಿಬೀಳುತ್ತೇನೆ. ಹಾಗಾಗಿ, ಓದುಗರೇ, ಪರ್ಷಿಯಾ.

"ಶಾಲು ಎಂಬ ಪದ ಪಾರಸಿಯಿಂದ ಬಂತು. ಅಲ್ಲಿ ಅದನ್ನು ಸೊಂಟಕ್ಕೂ ಸುತ್ತುತ್ತಿದ್ದರು..."

(ಇದು ಮೂರನೆಯ ಡ್ರಾಫ್ಟ್. ಮೊದಲೆರಡನ್ನು ಹರಿದೆ. ಸಂಪಾದಕರೊಬ್ಬರು ‘ಜಗತ್ತಿನ ಶಾಲುಗಳು’ ಎಂದು ಲೇಖನ ಕೇಳಿದ್ದರು. ನಾನು ಕಥೆ ಬರೆಯುತ್ತಿರುವುದು ಅವರಿಗಿನ್ನೂ ಗೊತ್ತಿಲ್ಲ.)

೨

ಬರೆದದ್ದನ್ನೆಲ್ಲ ಅತ್ತೆ ಗುರವ್ವನಿಗೆ ಓದಿ ಹೇಳುವುದು ನನ್ನ ಹಳೆಯ ಚಾಳಿ. ಅವಳು ಅಪ್ಪನ ಅಕ್ಕ. ಗಂಡ ನೀಲಪ್ಪ ತೀರಿಕೊಂಡ ಮೇಲೆ, ತೊಂಬತ್ತೈದನೆಯ ಇಸವಿಯಿಂದ, ನಮ್ಮ ಮನೆಯಲ್ಲೇ ಇದ್ದಾಳೆ. ಅಕ್ಷರ ಬಾರದು. ತಪ್ಪು ಮಾತ್ರ ಯಾವ ಎಡಿಟರ್‌ಗಿಂತಲೂ ಮೊದಲು ಹಿಡಿಯುತ್ತಾಳೆ.

"ಪೆರು ದೇಶದ ಹೆಂಗಸರು ಶಾಲಿನಲ್ಲಿ ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ" ಎಂದು ಓದಿದೆ.

"ಸಂಪಗಾಂವದ ಮರೆವ್ವ ಕಂಬಳ್ಯಾಗ ಕುರಿಮರಿ ಕಟಗೊಂಡು ಬರತಿದ್ದಳಲ್ಲ, ಅದನ್ನ ಬರಿ."

"ಕಾಶ್ಮೀರದ ಮಾವಿನಕಾಯಿ ಚಿತ್ತಾರ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಮಗ್ಗಕ್ಕೆ ಹೋಗಿ, ಆ ಊರಿನ ಹೆಸರನ್ನೇ ಇಟ್ಟುಕೊಂಡಿತು."

"ಎಲ್ಲಾರ ಶಾಲೂ ಎಲ್ಲೆಲ್ಲಿ ಹೋದ್ವು ಅಂತ ಬರದಿ. ನಂದು ಎಲ್ಲಿಗೆ ಹೋತು, ಅದನ್ಯಾವಾಗ ಬರೀತಿ?"

ನೋಡಿ, ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೆ.

೩

ಆ ದಿನಗಳು ಚೆನ್ನಾಗಿದ್ದವು ಎಂದು ಬರೆದರೆ ನಗುತ್ತೀರಿ. ನಗಿ. ಚೆನ್ನಾಗಿಯೇ ಇದ್ದವು. ದೀಪಾವಳಿ ಕಳೆದು ಹತ್ತಿ ಬಿಡಿಸುವ ಹೊತ್ತಿಗೆ ಸೈಕಲ್ಲಿನ ಹಿಂದೆ ಗಂಟು ಕಟ್ಟಿಕೊಂಡು ಕಾಶ್ಮೀರದ ರಸೂಲ್‌ಭಾಯಿ ಬರುತ್ತಿದ್ದ. ಬಜಾರದಲ್ಲಿ ಒಂದು ಖೋಲಿ. ಅಲ್ಲಿಂದ ಕಿತ್ತೂರು, ಮುನವಳ್ಳಿ, ಸವದತ್ತಿ. ನಮ್ಮ ಕಟ್ಟೆಯ ಮೇಲೆ ಗಂಟು ಬಿಚ್ಚಿದರೆ ಓಣಿಯ ಹೆಂಗಸರೆಲ್ಲ ಹಾಜರು. ಅವನದು ಹಿಂದಿ, ಅತ್ತೆಯದು ಕನ್ನಡ, ಆದರೂ ಇಬ್ಬರೂ ಮುಂಜಾನೆಯೆಲ್ಲ ಮಾತಾಡುತ್ತಿದ್ದರು. ಅವಳು ಕೊಟ್ಟ ಕಟಕ ರೊಟ್ಟಿಯನ್ನು ಅವನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಅದನ್ನು ನೋಡುವುದೇ ಖುಷಿ.

ನೀಲಪ್ಪ ಮಾಮಾ ಅವನಿಂದಲೇ ಒಂದು ಬೂದುಬಣ್ಣದ ಶಾಲು ಕೊಂಡಿದ್ದರು. ಗಂಡನ ಬಟ್ಟೆಗಳಲ್ಲಿ ಅತ್ತೆ ಉಳಿಸಿಕೊಂಡದ್ದು ಅದೊಂದೇ. ತೊಂಬತ್ತೊಂಬತ್ತರಲ್ಲಿ ಅದನ್ನು ಇಲಿ ಕಡಿಯಿತು. ರಸೂಲ್‌ಭಾಯಿ ತೂತಿನಲ್ಲಿ ಬೆರಳಾಡಿಸಿ ನೋಡಿದ. ಊರಲ್ಲಿ ತಮ್ಮನಿದ್ದಾನೆ, ಎಳೆಗೆ ಎಳೆ ಕೂಡಿಸಿ ರಫೂ ಮಾಡುತ್ತಾನೆ, ಮುಂದಿನ ಚಳಿಗೆ ತರುತ್ತೇನೆ ಎಂದು ಶಾಲು ಒಯ್ದ. ಅವನ ನೋಟ್‌ಬುಕ್ಕಿನಲ್ಲಿ ನಮ್ಮ ವಿಳಾಸ ಬರೆದುಕೊಟ್ಟವನು ನಾನು. ಇಂಗ್ಲಿಷಿನಲ್ಲಿ, ಸ್ಟೈಲಾಗಿ, ನನ್ನದೇ ಹೆಸರಿಗೆ.

ಮುಂದಿನ ಚಳಿಗೆ ಅವನು ಬರಲಿಲ್ಲ. ಅದರ ಮುಂದಿನ ಚಳಿಗೂ ಬರಲಿಲ್ಲ.

"ಮಾರಕೊಂಡು ತಿಂದಾನ ಬಿಡ ಅತ್ತಿ" ಎಂದೆ.

"ಮಾತಿಗೆ ತಪ್ಪಾಂವ ಅಲ್ಲ ಅಂವ. ತರತಾನ."

ಓಣಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

೪

(ಈ ಭಾಗ ನಿಮಗೆ ಮಾತ್ರ.)

ಮದುವೆಗೆ ಬಂದ ಉಡುಗೊರೆ ಬಟ್ಟೆಯನ್ನು ನಮ್ಮಲ್ಲಿ ಆಹೇರ ಅನ್ನುತ್ತೇವೆ. ಅದರ ಮಡಿಕೆಯನ್ನು ಯಾರೂ ಬಿಚ್ಚುವುದಿಲ್ಲ. ಯಾರು ಕೊಟ್ಟದ್ದೆಂದು ಚೀಟಿ ಸಿಕ್ಕಿಸಿ, ಮತ್ತೊಬ್ಬರ ಮದುವೆಗೆ ದಾಟಿಸುತ್ತೇವೆ. ಕೊಟ್ಟವರಿಗೇ ಮರಳಿ ಹೋಗದಿದ್ದರೆ ಸಾಕು.

ಎರಡು ಸಾವಿರದ ಎರಡು, ಮೇ ತಿಂಗಳು, ತಂಗಿ ಶಿವಾನಿಯ ಮದುವೆ. ಆ ಗದ್ದಲದಲ್ಲಿ ನನ್ನ ಹೆಸರಿಗೊಂದು ಪಾರ್ಸಲ್ ಬಂತು. ಸಹಿ ಹಾಕಿದೆ, ಕಳಿಸಿದವರ ಹೆಸರು ನೋಡದೆ ಹೊಲಿಗೆ ಕತ್ತರಿಸಿದೆ. ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಹೊಸದರಂತೆ ಮಡಚಿಟ್ಟ ಶಾಲು. ಮದುವೆಗೆ ಬರಲಾಗದ ಯಾವನೋ ಗೆಳೆಯನ ಆಹೇರ ಎಂದುಕೊಂಡು ರಾಶಿಗೆ ಎಸೆದೆ. ಚೀಟಿಯಲ್ಲಿ ‘ಪೋಸ್ಟಿನಿಂದ’ ಎಂದು ಬರೆದೆ. ಹದಿನೈದು ದಿನದಲ್ಲಿ ಅದು ರಾಮದುರ್ಗದ ಮಲಕಾಜಪ್ಪನವರ ಮನೆಯ ಮದುವೆಗೆ ಹೋಯಿತು.

ಶ್ರಾವಣದಲ್ಲಿ ರಸೂಲ್‌ಭಾಯಿಯ ಕಾಗದ ಬಂತು, ಹಿಂದಿಯಲ್ಲಿ. ‘ಕಾಲು ಮುರಿದಿದೆ, ಇನ್ನು ಬರಲಾರೆ. ಶಾಲು ಮುಟ್ಟಿತೇ? ಹೊಲಿದ ಜಾಗ ಗುರವ್ವ ಅಮ್ಮನಿಗೆ ಕಂಡಿತೇ?’

ರಾಮದುರ್ಗಕ್ಕೆ ಓಡಿದೆ. ಮಲಕಾಜಪ್ಪ ನಕ್ಕರು.

"ಆಹೇರದ ಶಾಲು ಯಾರ ಮನ್ಯಾಗ ನಿಂತೇತ್ರಿ? ಸಿರಸಂಗಿ ಬೀಗರಿಗೆ ಹೋತು."

ಸಿರಸಂಗಿಯವರು ಸವದತ್ತಿಗೆ ದಾಟಿಸಿದ್ದರು, ಸವದತ್ತಿಯವರು ಕಿತ್ತೂರಿಗೆ. ಕಿತ್ತೂರಿನಲ್ಲಿ ಯಾರಿಗೂ ನೆನಪಿಲ್ಲ. ನಾನು ಕಾಗದಕ್ಕೆ ಉತ್ತರ ಬರೆಯಲಿಲ್ಲ. ಅತ್ತೆಗೆ ಹೇಳಲಿಲ್ಲ. ಏಳು ವರ್ಷವಾಯಿತು. ಇವತ್ತಿಗೂ ಓಣಿಯಲ್ಲಿ ಯಾರಾದರೂ ಅವನನ್ನು ಕಳ್ಳ ಎಂದರೆ ಅವಳೊಬ್ಬಳೇ ಜಗಳಕ್ಕೆ ನಿಲ್ಲುತ್ತಾಳೆ. ನಾನು ಪೇಪರು ಓದುತ್ತಿರುತ್ತೇನೆ. ನಾಚಿಕೆಯಾಗುತ್ತದೆ.

೫

ಅತ್ತೆಗಾಗಿ ಬೇರೆ ಮುಕ್ತಾಯಗಳನ್ನು ಸಿದ್ಧಮಾಡಿದ್ದೆ. ಮೂರನೆಯ ಭಾಗ ಮುಗಿದದ್ದೇ ಅವನ್ನು ಓದಿದೆ.

ಮೊದಲನೆಯದು: ರಸೂಲ್‌ಭಾಯಿಯ ಮಗ ಶಾಲು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ.

"ಸಿನಿಮಾ" ಎಂದಳು.

ಎರಡನೆಯದು: ಅವನು ನಿಜಕ್ಕೂ ಮೋಸಗಾರ.

"ಆ ಮನಶ್ಯಾನ ಮ್ಯಾಲೆ ಸುಳ್ಳ ಹಾಕಬ್ಯಾಡ. ಹರಿ ಅದನ್ನ."

"ಕಥಿ ನಂದು ಅತ್ತಿ."

"ಶಾಲು ನಂದು."

ಹರಿದೆ.

ಮೂರನೆಯದರಲ್ಲಿ ಶಾಲು ಊರೂರು ತಿರುಗುತ್ತಲೇ ಇರುತ್ತದೆ, ಮನುಕುಲದ ರೂಪಕವಾಗಿ. (ಸಂಪಾದಕರಿಗೆ ಇಷ್ಟವಾಗುತ್ತಿತ್ತು.) ಅತ್ತೆ ಆಕಳಿಸಿದಳು. ಆಮೇಲೆ ನನ್ನ ಕೈಯನ್ನೇ ನೋಡಿದಳು.

"ಬಸು, ನಡುವ ಎರಡ ಹಾಳಿ ಕೂಡೇ ಹೊಳ್ಳಿಸಿದಿ."

"ಅಂಟಿಕೊಂಡಿದ್ವು."

"ಬಿಡಸು. ಏನ ಬರದಿ ಅದರಾಗ? ಅಂವ ಬಂದಿದ್ನೇನು?"

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

"ಕಳಿಸಿದ್ನೇನು?"

ಓದುಗರೇ, ನಿಮಗೆ ಗೊತ್ತು. ನನಗೂ ಗೊತ್ತು. ಗೊತ್ತಿಲ್ಲದೆಯೂ ಹತ್ತು ವರ್ಷ ನಂಬಿದವಳು ಅವಳೊಬ್ಬಳೇ.

"ಶಾಲು ಹಾಳಾಗಿ ಹೋಗಲಿ. ಅಂವ ಕಳಿಸಿದ್ನೋ ಇಲ್ಲೋ, ಅಷ್ಟ ಓದು."

ಹಾಳೆ ನನ್ನ ಕೈಯಲ್ಲಿದೆ. ಅತ್ತೆ ಸರಿದು ಹತ್ತಿರ ಬಂದು ಕುಳಿತಿದ್ದಾಳೆ. ನಾನಿನ್ನೂ ಕನ್ನಡಕ ಒರೆಸುತ್ತಿದ್ದೇನೆ.